ಜುಗ್ಗನಿಗೆ ಮೂರು ಭಾಷೆ

ಗೆದ್ದೆವು ಗೆಳೆಯರೇ, ಒಂದು ಬಕೆಟ್ ಚಟ್ನಿ!

ಇವತ್ತು ಗುಂಡ್ಲುಪೇಟೆಯ ಊಟಿ ರಸ್ತೆಯ ಹೋಟೆಲಿನಲ್ಲಿ ದೋಸೆಗೆ ಇನ್ನೊಂದಿಷ್ಟು ಚಟ್ನಿ ಕೇಳಿದೆ. "ಒಂದ್ ದೋಸೆಗೆ ಒಂದೇ ಸೌಟು ಕಣಣ್ಣ" ಎಂದು ಮಾಲೀಕ ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟ. ನನಗೆ ರೇಗಿತು. "ಜುಗ್ಗ!" ಎಂದೆ.

ಎದುರಿಗಿದ್ದ ತಮಿಳು ಲಾರಿ ಡ್ರೈವರ್ ಹಾಗೆಂದರೇನು ಎಂದು ಕೇಳಿದ. ಚಟ್ನಿಯಿಲ್ಲದ ನನ್ನ ಅರ್ಧ ದೋಸೆ ತೋರಿಸಿದೆ.

"ಓ, ಕಂಜನ್!"

ಪಕ್ಕದಲ್ಲಿದ್ದ ಕೇರಳದವನೂ ಬಿಡಲಿಲ್ಲ. "ಪಿಶುಕ್ಕನ್!"

ಮಾಲೀಕ ದಡದಡ ವಾಪಸ್ ಬಂದು ಬಕೆಟನ್ನೇ ಮೇಜಿನ ಮೇಲೆ ಕುಕ್ಕಿದ. "ಈ ರಸ್ತೇಲಿ ಓಟ್ಲು ಮಡಗಿರೋನ್ಗೆ ಮೂರು ಭಾಸೆನೂ ಗೊತ್ತು ಕಣ್ರಪ್ಪಾ. ತಕ್ಕಳಿ ಅತ್ಲಾಗಿ!"

ಒಲೆಯ ಮುಂದಿನಿಂದ ಅವನ ಹೆಂಡತಿ ಕೂಗಿದಳು: "ಇನ್ನೊಂದ್ ಭಾಸೇಲೂ ಬಯ್ರಣ್ಣಾ, ನಂಗೊಂದು ಸೀರೆ ಬೇಕು!"