ಎಮ್ಮೆಯ ಮೈಗೆ ಅಂಟಿಸಿದ ತಲೆ

ಆಗೆಲ್ಲ ನಮ್ಮ ಮನೆಗೆ ಗಂಡಸರ ತಲೆಗಳು ಅಂಚೆಯಲ್ಲಿ ಬರುತ್ತಿದ್ದವು. ಗಾಬರಿಯಾಗಬೇಡಿ, ಜಾತಕದ ಜೊತೆಗಿನ ಫೋಟೋ ಅಷ್ಟೆ. ಅಪ್ಪನ ತಂಗಿ ಶೈಲತ್ತೆಗೆ ಗಂಡು ಹುಡುಕುತ್ತಿದ್ದ ಬೇಸಿಗೆ ಅದು. ನಾನು ಐದನೇ ಕ್ಲಾಸು ಮುಗಿಸಿ ಸಿದ್ದಾಪುರದ ಆ ಮನೆಯಲ್ಲಿ ದನಗಳಿಗಿಂತ ಹೆಚ್ಚು ಆರಾಮಾಗಿದ್ದೆ.

ಅತ್ತೆಯ ಹತ್ತಿರ ಸೊಸೈಟಿಯವರು ಕೊಟ್ಟ ಹಳೇ ಡೈರಿ ಇತ್ತು. ಅದರ ತುಂಬ ಅಂಟಿಸಿದ್ದು: ಅಗರಬತ್ತಿ ಪ್ಯಾಕಿನ ನವಿಲು, ಯಲ್ಲಾಪುರಕ್ಕೆ ಹೋಗಿಬಂದ ಬಸ್ ಟಿಕೆಟ್, ಒಣಗಿದ ಎಲೆ, ಸೀರೆ ಅಂಚಿನ ಚೂರು. ಒಂದೊಂದರ ಕೆಳಗೂ ಅವಳ ಒಂದೊಂದು ಸಾಲು. ನನಗೂ ಅದೇ ಹುಚ್ಚು ಹತ್ತಿತು. ಆದರೆ ಚಿತ್ರ ಬರೆಯುವುದರಲ್ಲಿ ನನ್ನ ಪ್ರತಿಭೆ ಬೇರೆ ಥರದ್ದು. ನಾನು ಬರೆದ ದನ ನೋಡಿ ನಮ್ಮ ಮಾಸ್ತರು ಮೇಜು ಚೆನ್ನಾಗಿದೆ ಎಂದಿದ್ದರು.

“ಬರೆಯಲೆ ಬರದಿದ್ರೆ ಹುಡುಕು ಮಾಣಿ,” ಎಂದಳು ಅತ್ತೆ. ನನಗೂ ಒಂದು ಡೈರಿ ಕೊಟ್ಟು, ಮೈದಾ ಅಂಟು ಕಾಸಿಕೊಟ್ಟಳು. ಜಿರಲೆ ತಿನ್ನದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ. ಆ ಹುಳಿಹುಳಿ ವಾಸನೆ ಊಟದ ತುತ್ತಿನಲ್ಲೂ ಬರುತ್ತಿತ್ತು.

ಹುಡುಕಿದೆ. ಕೃಷಿ ಪತ್ರಿಕೆಯಿಂದ ಎಮ್ಮೆ, ಹುಂಜ. ಬಟ್ಟೆ ಅಂಗಡಿಯ ಚೀಟಿಯಿಂದ ಸೀರೆಯ ಹೆಂಗಸು. ಮತ್ತೆಲ್ಲಿಂದಲೋ ಕುಕ್ಕರ್. ಕ್ಯಾಲೆಂಡರಿನ ದೇವರನ್ನೂ ಮದುವೆ ಕಾಗದದ ಗಣಪತಿಯನ್ನೂ ಮುಟ್ಟುವ ಹಾಗಿರಲಿಲ್ಲ, ಅಜ್ಜಿ ಕಾವಲಿಗಿದ್ದಳು. ಹಾಗಾಗಿ ನನ್ನ ಡೈರಿಯಲ್ಲಿ ಮೈಗಳು ಧಾರಾಳ, ಒಳ್ಳೆಯ ತಲೆಗಳಿಗೇ ಬರಗಾಲ.

ಒಳ್ಳೆಯ ತಲೆಗಳೆಲ್ಲ ಅಜ್ಜನ ಪೆಟ್ಟಿಗೆಯಲ್ಲಿದ್ದವು. ಒಪ್ಪಿಗೆಯಾಗದ ಜಾತಕಗಳನ್ನು ಅಜ್ಜ ಬಾಳೆಪಟ್ಟೆಯ ದಾರದಲ್ಲಿ ಕಟ್ಟಿಡುತ್ತಿದ್ದ. ಬಿಡುವಾದಾಗ ಹೊಸ ಲಕೋಟೆಗೆ ಹಾಕಿ, ಮೂಲೆಗೆ ಕುಂಕುಮ ಹಚ್ಚಿ, ನಕ್ಷತ್ರ ಕೂಡಿಬರಲಿಲ್ಲ ಎಂದು ಎರಡು ಸಾಲು ಬರೆದು ವಾಪಸು ಕಳಿಸುವುದು ಪದ್ಧತಿ. ಹುಡುಗನದು ಏನೋ ಕೊರತೆ ಎಂದು ಅಜ್ಜ ಒಮ್ಮೆಯೂ ಬರೆದವನಲ್ಲ. ನನಗೆ ಇದೆಲ್ಲ ತಿಳಿಯದು. ಬೇಡವಾದವು, ಅಂದರೆ ರದ್ದಿ. ಕಟ್ಟಿನಲ್ಲಿದ್ದ ಆರು ತಲೆ ಕತ್ತರಿಸಿ ಎಮ್ಮೆಗೊಂದು, ಕುಕ್ಕರಿಗೊಂದು ಎಂದು ಅಂಟಿಸಿದೆ. ಪಕ್ಕದಲ್ಲಿ ಒಂದೇ ಒಂದು ಲಕೋಟೆ ಬೇರೆ ಇತ್ತು. ಒಳಗಿದ್ದವನ ಕಿವಿ ಎಷ್ಟು ದೊಡ್ಡದಿತ್ತೆಂದರೆ ಬಿಡಲು ಮನಸ್ಸಾಗಲಿಲ್ಲ. ಅವನನ್ನು ಹುಂಜಕ್ಕೆ ಕೂರಿಸಿದೆ.

ಮರುದಿನ ಬೆಳಿಗ್ಗೆ ಹೆಮ್ಮೆಯಿಂದ ಅತ್ತೆಗೆ ತೋರಿಸಿದೆ. ಎಮ್ಮೆ ನೋಡಿ ನಕ್ಕಳು, ಕುಕ್ಕರ್ ನೋಡಿ ನಕ್ಕಳು. ಹುಂಜ ಬಂದಾಗ ನಗು ನಿಂತಿತು.

“ಇದು ಯಾರು ಹೇಳಿ ಗೊತ್ತಿದ್ದ ನಿಂಗೆ?”

“ಹುಂಜ,” ಎಂದೆ.

“ಆನು ಇವಂಗೆ ಹೂಂ ಅಂದಿದ್ದಿ ಮಾರಾಯ. ಇವತ್ತು ಮಧ್ಯಾಹ್ನ ಬತ್ತ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಡೈರಿ ಮುಚ್ಚಿ ನನ್ನ ಕೈಗಿಟ್ಟು ಒಳಗೆ ಹೋದಳು. ವರ್ಷವಿಡೀ ಬೇಡ ಬೇಡ ಅನ್ನುತ್ತಿದ್ದವಳು ಮೊದಲ ಸಲ ಹೂಂ ಅಂದಿದ್ದಳು, ಅದಕ್ಕೆ ನಾನು ಜುಟ್ಟು ಪುಕ್ಕ ಎರಡೂ ಹಚ್ಚಿದ್ದೆ. ಹೇಗಾದರೂ ಬಿಡಿಸೋಣವೆಂದು ಹಾಳೆಯನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆ. ಬಲಗಿವಿ ಮಾತ್ರ ಬಿಟ್ಟುಬಂತು, ಬಂದದ್ದು ಒಲೆಗೆ ಬಿತ್ತು.

ಹೆಗ್ಗರಣೆಯ ರಾಘು ಮಧ್ಯಾಹ್ನ ಅಣ್ಣನ ಜೊತೆ ಬಂದ. ನಮ್ಮ ಅಜ್ಜನಿಗೆ ಒಂದು ಅಭ್ಯಾಸ, ಬಂದ ಗಂಡಿನ ಮುಖದ ಪಕ್ಕ ಫೋಟೋ ಹಿಡಿದು ತಾಳೆ ನೋಡುವುದು. ಹಿಂದೊಮ್ಮೆ ಯಾರೋ ತಮ್ಮನ ಫೋಟೋ ಕಳಿಸಿ ಅಣ್ಣನನ್ನು ಕರೆತಂದಿದ್ದರಂತೆ. ಪಾನಕ ಮುಗಿಯುತ್ತಲೇ ಫೋಟೋ ತಾ ಎಂದು ನನ್ನನ್ನೇ ಕಳಿಸಿದ. ಖಾಲಿ ಲಕೋಟೆ ತಂದರೂ ಪೆಟ್ಟು, ಡೈರಿ ತಂದರೂ ಪೆಟ್ಟು. ಡೈರಿಯನ್ನೇ ತಂದು ಅಜ್ಜನ ಕೈಗಿಟ್ಟು ಕಂಬದ ಹಿಂದೆ ನಿಂತೆ.

ಅಜ್ಜ ಹುಂಜವನ್ನು ನೋಡಿದ, ರಾಘುವನ್ನು ನೋಡಿದ, ಮತ್ತೆ ಹುಂಜವನ್ನು ನೋಡಿದ. ರಾಘು ಡೈರಿ ಇಸಿದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

“ಒಂದು ಕಿವಿ ಎಲ್ಲಿ ಹೋತು?” ಎಂದ ಅವನು.

“ಸುಟ್ಟೋತು,” ಎಂದೆ ಕಂಬದ ಹಿಂದಿನಿಂದ.

ಅತ್ತೆ ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಮದುವೆ ಅಲ್ಲಿಗೇ ನಿಶ್ಚಯವಾಯಿತು ಅಂತ ನಾನು ಈಗಲೂ ಜಂಬ ಕೊಚ್ಚುತ್ತೇನೆ. ಆದರೆ ಅವನು ಪುಟ ಹಿಂದೆ ತಿರುವುತ್ತ ಎಮ್ಮೆಯ ಹತ್ತಿರ ನಿಂತ.

“ಇಂವ ನಮ್ಮೂರ ಸುಬ್ರಾಯ. ಈ ಫೋಟೋ ತೆಗೆಸಲೆ ಎರಡು ಸಲ ಶಿರಸಿಗೆ ಹೋಗಿದ್ದ. ಮೊದ್ಲನೆ ಸಲ ಕಣ್ಣು ಮುಚ್ಚಿದ್ನಡ. ಜಾತಕ ಇನ್ನೂ ವಾಪಸ್ ಬಂಜಿಲ್ಲೆ ಹೇಳಿ ಆಸೆಲಿದ್ದ.”

ಅಜ್ಜ ನನ್ನ ಕಡೆ ತಿರುಗಿ, ಕತ್ತರಿಸಿದವನೇ ಹೋಗಿ ಕೊಡಬೇಕು ಎಂದ.

ಮಾರನೇ ವಾರ ಅಜ್ಜನ ಜೊತೆ ಬಸ್ಸಿನಲ್ಲಿ ಹೆಗ್ಗರಣೆಗೆ ಹೋದೆ. ಹೊಸ ಲಕೋಟೆ, ಮೂಲೆಗೆ ಕುಂಕುಮ, ಒಳಗೆ ಜಾತಕ ಮತ್ತು ಡೈರಿಯಿಂದ ಬಿಡಿಸಿದ ಎಮ್ಮೆಯ ಹಾಳೆ. ಸುಬ್ರಾಯಣ್ಣ ಅಂಗಳದಲ್ಲಿ ಬಿಚ್ಚಿ ನೋಡಿ, ಜಾತಕ ಮಡಚಿ ಇಟ್ಟುಕೊಂಡ. ಹಾಳೆಯನ್ನು ಮಾತ್ರ ನನಗೇ ವಾಪಸು ಕೊಟ್ಟ.

“ಇಟ್ಕ. ಎಮ್ಮೆಗಾದ್ರೂ ಒಪ್ಪಿಗೆ ಆತಲ,” ಎಂದ. ಆಮೇಲೆ ನನಗೆ ಬೆಲ್ಲ, ನೀರು ತಂದುಕೊಟ್ಟ.

ಈಗ ನನಗೆ ಇಪ್ಪತ್ತೆಂಟು. ಜಾತಕದ ಜೊತೆ ನನ್ನ ಫೋಟೋ ಸೋಂದಾದಿಂದ ಯಲ್ಲಾಪುರದವರೆಗೆ ಮೊಬೈಲುಗಳಲ್ಲಿ ತಿರುಗುತ್ತಿದೆ. ನೋಡಿದ ಗುರುತಿಗೆ ಎರಡು ಟಿಕ್ ನೀಲಿಯಾಗುತ್ತವೆ, ಅಷ್ಟೇ. ಕುಂಕುಮ ಹಚ್ಚಿದ ಲಕೋಟೆ ಇಲ್ಲ, ತಪ್ಪನ್ನು ನಕ್ಷತ್ರದ ಮೇಲೆ ಹೇರಿ ಬರೆಯುವ ಅಜ್ಜ ಇಲ್ಲ. ವಾಪಸು ಬರುವ ವಸ್ತುವೇ ಅಲ್ಲವಾದ್ದರಿಂದ ನನ್ನ ಆಸೆಗೆ ಕೊನೆಯೂ ಇಲ್ಲ.

ಹೋದ ತಿಂಗಳು ಹೆಗ್ಗರಣೆಗೆ, ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆಯ ಮಗಳು, ಅತ್ತೆ ಜೋಪಾನವಾಗಿ ಒಯ್ದಿಟ್ಟಿದ್ದ ನನ್ನ ಹಳೇ ಡೈರಿ ಹರವಿಕೊಂಡು, ಈಗ ಕತ್ತರಿಸಲು ಏನೂ ಸಿಗುವುದಿಲ್ಲ, ಮದುವೆ ಕಾಗದವೂ ಮೊಬೈಲಿನಲ್ಲೇ ಬರುತ್ತದೆ ಎಂದು ದೂರಿದಳು. ಶಿರಸಿಗೆ ಹೋಗಿ ನನ್ನದೊಂದು ಫೋಟೋ ಕಾಗದದ ಮೇಲೆ ತೆಗೆಸಿ ತಂದುಕೊಟ್ಟೆ. ಎರಡು ಸಲ ತೆಗೆಸಬೇಕಾಯಿತು. ಮೊದಲನೆಯದರಲ್ಲಿ ಕಣ್ಣು ಮುಚ್ಚಿದ್ದೆ.

“ಎಲ್ಲಿ ಅಂಟಿಸ್ಲಿ ಭಾವ?” ಎಂದಳು ಕತ್ತರಿ ಹಿಡಿದು.

ಸುಬ್ರಾಯಣ್ಣನ ಪುಟ ತೆಗೆದು ತೋರಿಸಿದೆ. ಎಮ್ಮೆಯ ಬೆನ್ನಿನ ಮೇಲೆ ಇನ್ನೊಬ್ಬನಿಗೆ ಜಾಗವಿತ್ತು.