ಹೊಳೆಯಾಚೆಯ ಉತ್ತರಕ್ಕೆ ಕಾದ ಜಯಕರ

ನಂಬಲು ಆಗುತ್ತಿಲ್ಲ...
ಮೊನ್ನೆ ಭಾನುವಾರ ನನ್ನ ಅಡುಗೆಮನೆಯಲ್ಲಿ ನಿಂತು, ಚಟ್ನಿಪುಡಿಗೆ ಖಾರವೇ ಇಲ್ಲ ಎಂದು ಹೀಯಾಳಿಸಿದ ಮನುಷ್ಯ...
ಇವತ್ತು ಇಲ್ಲವಂತೆ.

ನಮ್ಮ ಜಯಕರ ಹೋಗಿಬಿಟ್ಟ.

ಗದಗ-ಬೆಟಗೇರಿಯವನು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವಾಗ ನನಗೆ ಜೂನಿಯರ್. ನಾನು ಇಲ್ಲಿನ ಅಪ್ಪರ್ ಹಟ್ ಎಂಬ ಊರಿಗೆ ಬಂದದ್ದನ್ನು ನೋಡಿಯೇ ಅವನೂ ಈ ದೇಶಕ್ಕೆ ಬಂದ. ಗುಡ್ಡ ದಾಟಿದರೆ ಸಿಗುವ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ.

ಬೆಳಿಗ್ಗೆ ಡ್ಯೂಟಿ ಮುಗಿಸಿ ಹೊಳೆದಂಡೆಗೆ ಹೋಗಿದ್ದನಂತೆ.
ನಾಯಿ ಅಡ್ಡಾಡಿಸಲು ಬಂದವರು ನೋಡಿದ್ದಾರೆ.
ಬೆಂಚಿನ ಮೇಲೆ ಕೂತೇ ಇದ್ದ... ಮಡಿಲಲ್ಲಿ ಬ್ಯೂಗಲ್... ಮುಖ ಹೊಳೆಯ ಕಡೆಗೆ.
ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು. ಇರಬಹುದು.

ಬ್ಯೂಗಲ್ ಯಾಕೆ ಎಂದು ಎಲ್ಲರೂ ಮೆಸೇಜ್ ಮಾಡುತ್ತಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ...

ಆ ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಒಂದು ಕಾಲಕ್ಕೆ ಬೀದಿಬೀದಿಗೂ ಡ್ರಮ್-ಬ್ಯೂಗಲ್ ತಂಡ. ಉಣ್ಣೆ ಗಿರಣಿಯದೊಂದು, ಫೈರ್ ಸ್ಟೇಷನ್ನಿನದೊಂದು, ಸ್ಕೂಲಿನದೊಂದು, ಹೆಣ್ಣುಮಕ್ಕಳದೇ ಬೇರೆ. ಶನಿವಾರ ಬಂದರೆ ಮೇನ್ ಸ್ಟ್ರೀಟ್ ತುಂಬ ಕವಾಯತು. ಗಿರಣಿ ಮುಚ್ಚಿತು, ಮಕ್ಕಳು ಆಕ್ಲೆಂಡ್ ಸೇರಿದರು, ತಂಡಗಳು ಒಂದೊಂದಾಗಿ ನಿಂತುಹೋದವು. ಆಚೆ ದಂಡೆಯಲ್ಲಂತೂ ಈಗ ಬ್ಯೂಗಲ್ ಹಿಡಿಯುವವರು ಒಬ್ಬರೂ ಇಲ್ಲ. ಅವರ ಹಾಲ್‌ನಲ್ಲಿ ಟೈರ್ ಮಾರುತ್ತಾರೆ.

ಉಳಿದದ್ದು ಒಂದು ಪದ್ಧತಿ.
ತಂಡದವರು ಯಾರಾದರೂ ಸತ್ತರೆ, ಮಣ್ಣು ಮಾಡುವ ಮುಂಚೆ ಬೀಳ್ಕೊಡುವ ಕರೆ ಊದಬೇಕು.
ಆದರೆ ಪೂರ್ತಿ ಊದಬಾರದು...
ಕೊನೆಯ ಸಾಲು ಆಚೆ ದಂಡೆಯ ತಂಡದ ಪಾಲು. ಅವರು ಅಲ್ಲಿಂದ ಊದಿ ಮುಗಿಸಿದ ಮೇಲೆಯೇ ಪೆಟ್ಟಿಗೆ ಇಳಿಸುವುದು.

ಈಚೆ ದಂಡೆಯಲ್ಲಿ ಕೊನೆಗೆ ಉಳಿದಿದ್ದ ಬ್ಯೂಗಲ್‌ನ ಮುದುಕ ಜಯಕರನ ವಾರ್ಡಿನಲ್ಲೇ ತೀರಿಕೊಂಡ. ಇನ್ನು ಊದುವವರು ಯಾರು ಎಂದು ಅವನ ಹೆಂಡತಿ ಅಳುತ್ತಿದ್ದರೆ ನಮ್ಮ ಆಸಾಮಿ ಸುಮ್ಮನಿರಬೇಕಲ್ಲ... ಸ್ಕೂಲಿನಲ್ಲಿ ಕೆಡೆಟ್ ಆಗಿದ್ದಾಗ ಬ್ಯೂಗಲ್ ಊದಿದವನು. ನಾನಿದ್ದೇನೆ ಎಂದ. ಊದಿದ. ನಮ್ಮ ಕಡೆ ಕಲಿಸಿದ ಹಾಗೆ, ಎದೆ ಸೆಟೆದು, ಉಸಿರು ಬಿಗಿಹಿಡಿದು, ಕೊನೆಯವರೆಗೆ ಪೂರ್ತಿ ಊದಿಬಿಟ್ಟ.

ಯಾರೂ ಬೈಯಲಿಲ್ಲವಂತೆ. ಆ ಮುದುಕಿ ಮಾತ್ರ ಇವನ ಕೈ ಹಿಡಿದು, ಅವರ ಪಾಲನ್ನೂ ನೀನೇ ಊದಿದೆಯಲ್ಲ ಮಗಾ, ಈಗ ಅವರು ಉತ್ತರ ಕೊಡುವುದು ಹೇಗೆ ಎಂದು ಕೇಳಿದಳಂತೆ.
ಆಚೆ ಯಾರೂ ಇಲ್ಲವಲ್ಲ ಎಂದನಂತೆ ಇವನು.
ಅವಳು ಹೊಳೆಯ ಕಡೆ ನೋಡಿದಳಂತೆ.

ಆಮೇಲೆ ಎಲ್ಲ ಸಾವಿಗೂ ಇವನೇ... ಕೊನೆಯ ಸಾಲು ಬಿಟ್ಟು, ಬ್ಯೂಗಲ್ ಇಳಿಸಿ, ಕಾಯುತ್ತ ನಿಲ್ಲುವುದು.

ಒಮ್ಮೆ ನಾನೂ ಹೋಗಿದ್ದೆ.
ಹಾಡುಹಗಲು. ಗಾಳಿಯೂ ಇರಲಿಲ್ಲ.
ಊದಿದ... ನಿಲ್ಲಿಸಿದ... ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.
ಇದ್ದಕ್ಕಿದ್ದಂತೆ ವೀಲ್‌ಚೇರಿನಲ್ಲಿ ಕೂತವರು, ವಾಕರ್ ಹಿಡಿದವರು, ಆ ಮುದುಕರೆಲ್ಲ ಒಟ್ಟಿಗೆ ಹೊಳೆಯ ಕಡೆ ಮುಖ ತಿರುಗಿಸಿದರು. ಒಬ್ಬಾಕೆಯ ಬೆರಳು ವಾಕರ್ ಮೇಲೆ ತಾಳ ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಎಲ್ಲರೂ ಒಮ್ಮೆಲೇ ತಲೆಯಾಡಿಸಿ ಟೋಪಿ ಹಾಕಿಕೊಂಡರು. ಪೆಟ್ಟಿಗೆ ಇಳಿಯಿತು.


ವಾಪಸ್ ಬರುವಾಗ ಕಾರಿನಲ್ಲಿ ಕೇಳಿದ.
"ಅಕ್ಕಾ, ನಿನಗ ಕೇಳಲಿಲ್ಲೇನು?"
ಇಲ್ಲ ಎಂದೆ. ತಲೆಗಿಲೆ ಕೆಟ್ಟಿದೆಯೇನೋ ಎಂದು ಬೈದೆ.
ಅವನು ನಗಲಿಲ್ಲ.
"ಮೊದಲ ಹೊಳಿ ಆಚೆಯಿಂದ ಬರತಿತ್ತು. ಇವತ್ತ ಈಚೆ ದಂಡಿಗೆ ಬಂದೈತಿ."

ಜಯಾ...
ಅಷ್ಟು ಗೊತ್ತಾದ ಮೇಲಾದರೂ ಬಿಡಬಾರದಿತ್ತೇನೋ?
ಯಾರೂ ಸಾಯದ ದಿನವೂ ಹೋಗಿ, ಅರ್ಧ ಊದಿ, ಕಾಯುತ್ತ ಕೂರುತ್ತಿದ್ದೆಯಂತೆ. ಈಗ ಹೇಳಿದಳು ನಿನ್ನ ಮಗಳು ಸ್ನೇಹಾ. ತಾಯಿಯಿಲ್ಲದ ಮಗು... ತಿಂಡಿ ಮಾಡಿಟ್ಟು ಅವಳು ನಿನಗೆ ಕಾಯುವುದು, ನೀನು ಆ ಹಾಳು ಹೊಳೆಗೆ ಕಾಯುವುದು. ಸಿಟ್ಟು ಬರುತ್ತಿದೆ ಕಣೋ ನಿನ್ನ ಮೇಲೆ. ಅಳುವುದಕ್ಕೂ ಬಿಡದಷ್ಟು ಸಿಟ್ಟು.

ನಿಮ್ಮ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಆ ಊರಿನ ಹಿರಿಯರು ಈಗ ತಾನೇ ಬಂದು ಹೋದರು. ಶನಿವಾರ ಮಣ್ಣು. ನೀನು ತಮ್ಮ ತಂಡದವನೇ ಎಂದರು. ಊದುವುದು ಯಾರು ಎಂಬ ಮಾತು ಬಂತು. ಯಾವುದಾದರೂ ರೆಕಾರ್ಡಿಂಗ್ ಹಾಕಿ, ಪೂರ್ತಿ ಇರುವುದನ್ನೇ ಹಾಕಿ ಎಂದೆ ನಾನು... ಅಲ್ಲಿಗೆ ಮುಗಿದುಹೋಗಲಿ ಎಂದು. ಯಾರೂ ಒಪ್ಪಲಿಲ್ಲ.

ಸ್ನೇಹಾ ಎದ್ದು ನಿಂತಳು.
"ಐ ವಿಲ್ ಪ್ಲೇ, ಆಂಟಿ. ಅಪ್ಪಾ ಟಾಟ್ ಮಿ."
ಕೊನೆಯ ಸಾಲು ಮಾತ್ರ ಕಲಿಸಿಲ್ಲವಂತೆ ನೀನು.
ಹಿರಿಯರಿಗೆ ಸಮಾಧಾನವಾಯಿತು. ಹೊರಟರು.

ಅವರು ಹೋದ ಮೇಲೆ ನನ್ನ ಪಕ್ಕ ಬಂದು ಕೂತಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ... ನಿಮ್ಮ ಗದಗಿನ ಕನ್ನಡದಲ್ಲಿ ಕೇಳಿದಳು.
"ಆಂಟಿ, ಅಪ್ಪಾ ಆ ಕಡೆಯಿಂದ ಊದತಾನಲ್ಲಾ?"

ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಜಯಾ. ಆಸೆ ಇತ್ತು.
ಅದನ್ನು ನೋಡಿ ಹೆದರಿದ್ದು ನಾನು.

ಅಕ್ಕನ ಮಾತು ಇದೊಂದು ಕೇಳು...
ಶನಿವಾರ ನಿನ್ನ ಮಗಳು ಊದುತ್ತಾಳೆ. ನಿಲ್ಲಿಸುತ್ತಾಳೆ. ಕಾಯುತ್ತಾಳೆ.
ಉತ್ತರ ಕೊಡಬೇಡ.
ಒಂದೇ ಒಂದು ಸಲ ಕೇಳಿಸಿತೆಂದರೆ ಅವಳೂ ಆ ದಂಡೆ ಬಿಟ್ಟು ಏಳುವುದಿಲ್ಲ.
ಏನೂ ಕೇಳಿಸದಿದ್ದರೆ ಅಳುತ್ತಾಳೆ... ಅಳಲಿ. ಅತ್ತು ಮುಗಿದ ಮೇಲೆ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಲು ನಾನಿದ್ದೇನೆ.

ದೇವರು ನಿನಗೆ ಗಾಢ ನಿದ್ದೆ ಕೊಡಲಿ...
ಮಗಳು ಎಷ್ಟು ಕರೆದರೂ ಎಚ್ಚರವಾಗದಿರಲಿ.
ಮಲಗು, ತಮ್ಮಾ.