ಬಾಚಣಿಗೆಯ ಕೂದಲು

ಕೊಪ್ಪಳದ ಭಾಗ್ಯನಗರದ ಖುರ್ಷಿದಾ ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಜಡೆ ನೋಡುತ್ತಾಳೆ. ಮದುವೆಗೆ ಹೋದರೂ ಮದುಮಗಳ ಒಡವೆ ಬಿಟ್ಟು ‘ಹದಿನೆಂಟು ಇಂಚು, ಮಾಲು ಛಲೋ ಐತಿ’ ಎಂದು ಬರುವವಳು. ಮನೆಮನೆಯ ಬಾಚಣಿಗೆಯಿಂದ ಬಂದ ಕೂದಲಿನ ಗಂಟುಗಳನ್ನು ಅವಳ ಶೆಡ್ಡಿನಲ್ಲಿ ಹೆಂಗಸರು ಸೂಜಿಯಿಂದ ಬಿಡಿಸಿ, ತೊಳೆದು, ಕಟ್ಟು ಕಟ್ಟುತ್ತಾರೆ. ಮೊದಲು ಈ ಕಟ್ಟುಗಳು ದಲ್ಲಾಳಿಗಳ ಕೈ ದಾಟಿ ಹೊರದೇಶಕ್ಕೆ ಹೋಗುತ್ತಿದ್ದವು. ಈಗ ಅವಳೇ ಮೊಬೈಲಿನಲ್ಲಿ ಮಾರುತ್ತಾಳೆ, ದೇಶಗಳನ್ನು ನೆರೆಮನೆಗಳಂತೆ ಬೈಯುತ್ತಾಳೆ: ‘ಚೀನಾದವರು ಚೌಕಾಸಿ ಭಾಳ ಮಾಡ್ತಾರ್ರಿ, ಇಟಲಿಯವರಿಗೆ ನಾಜೂಕು ಜಾಸ್ತಿ.’ ಮೊನ್ನೆ ವಿಗ್ ಮಾಡುವ ಇಟಲಿಯ ವ್ಯಾಪಾರಿ ಇಡೀ ವರ್ಷದ ಆರ್ಡರ್ ಕೊಡಲು ಒಪ್ಪಿದ. ಷರತ್ತು ಒಂದೇ: ಪೆಟ್ಟಿಗೆಯ ಮೇಲೆ ‘ದೇವರಿಗೆ ಮುಡಿ ಕೊಟ್ಟ ಕೂದಲು’ ಎಂದಿರಬೇಕು, ಉದುರಿದ ಕೂದಲೆಂದರೆ ಅಲ್ಲಿನವರು ಮೂಗು ಮುರಿಯುತ್ತಾರಂತೆ. ‘ಬರದು ಕಳಿಸ ತಂಗಿ, ಯಾರು ನೋಡಾಕ ಬರ್ತಾರ?’ ಎಂದ ಪಾಲುದಾರ ಅಂದಪ್ಪ. ‘ನೀ ಸುಮ್ಕಿರೋ ಅಣ್ಣ’ ಎಂದಳು. ಅವಳ ತಾಯಿ ಕಾಸೀಮಬೀ ಸ್ಟೀಲು ಬಟ್ಟಲುಗಳ ಬುಟ್ಟಿ ಹೊತ್ತು, ಬಟ್ಟಲು ಕೊಟ್ಟು ಕೂದಲು ಪಡೆಯುತ್ತ ಕುಷ್ಟಗಿ, ಯಲಬುರ್ಗಾದ ಓಣಿಗಳನ್ನು ಸುತ್ತಿದವಳು. ಕೂದಲು ಮುಟ್ಟಿದ ಕೈಯೆಂದು ಆಕೆಯನ್ನು ಕಟ್ಟೆಯಿಂದ ಎಬ್ಬಿಸಿದ ಮನೆಗಳನ್ನು ಮಗಳು ಇಂದಿಗೂ ಬೆರಳು ಮಾಡಿ ತೋರಿಸಬಲ್ಲಳು. ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಬಾಚಣಿಗೆಯ ಕೂದಲು, ಕೊಪ್ಪಳ’ ಎಂದೇ ಅಚ್ಚಾಯಿತು. ‘ನಮ್ಮವ್ವ ಓಣಿ ಓಣಿ ತಿರುಗಿ ತಂದ ಮಾಲು ಇದು. ಬೇಕಾದ್ರ ಒಯ್ಯಲಿ, ಇಲ್ಲಂದ್ರ ಇನ್ನೊಂದು ದೇಶ ಐತಿ.’